ಬಿಲ್ ಬ್ರೂಫರ್ಡ್ ಅವರ ಡ್ರಮ್ಸ್: ಹಳತಾಗಿರುವುದು ಯಾವುದು?

ಪ್ರಶ್ನೆ: ಸಂತೆಪೇಟೆ ಕೇಳುಗ, ಹಾಸನ

ಎಲ್ಲರಿಗೂ ನಮಸ್ಕಾರ. 1990ರ ದಶಕದ ಆರಂಭದಲ್ಲಿ ನಾನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಗ, ಹಾಸ್ಟೆಲಿನ ಹಿರಿಯ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಿಂದ ತೊಂಬತ್ತು ನಿಮಿಷದ ಒಂದು ಕ್ಯಾಸೆಟ್ಟನ್ನು ತಂದುಕೊಟ್ಟಿದ್ದರು. ಎರಡೂ ಬದಿಯಲ್ಲಿದ್ದದ್ದು ಬ್ರಿಟನ್ನಿನ ರಾಕ್ ತಂಡಗಳು: ಒಂದು ಬದಿಯಲ್ಲಿ ಯೆಸ್ ತಂಡದ 1972ರ ‘ಕ್ಲೋಸ್ ಟು ದಿ ಎಡ್ಜ್’ ಇತ್ತು, ಇನ್ನೊಂದು ಬದಿಯಲ್ಲಿ ಕಿಂಗ್ ಕ್ರಿಮ್ಸನ್ ತಂಡದ 1974ರ ‘ರೆಡ್’ ಇತ್ತು. ಹೊದಿಕೆಯ ಮೇಲೆ ನೀಲಿ ಪೆನ್ನಿನಲ್ಲಿ ಬರೆದ ಹೆಸರುಗಳನ್ನು ಬಿಟ್ಟರೆ ಬೇರೆ ಯಾವ ವಿವರವೂ ಇರಲಿಲ್ಲವಾದ್ದರಿಂದ, ಎರಡೂ ಬದಿಯಲ್ಲಿ ಡ್ರಮ್ಸ್ ನುಡಿಸಿದವರು ಬಿಲ್ ಬ್ರೂಫರ್ಡ್ ಎಂಬ ಒಬ್ಬರೇ ವ್ಯಕ್ತಿ ಎಂಬುದು ನನಗೆ ತಿಳಿದದ್ದು ಎರಡು ವರ್ಷಗಳ ನಂತರ. ಮಳೆಗಾಲದಲ್ಲಿ ಕರೆಂಟು ಹೋದ ರಾತ್ರಿಗಳಲ್ಲಿ ಸೆಲ್ ಹಾಕಿ ಕೇಳುತ್ತಿದ್ದೆವು. ‘ರೆಡ್’ ಆಲ್ಬಮ್ಮಿನ ಕೊನೆಯ ಕೃತಿಯಾದ ‘ಸ್ಟಾರ್‌ಲೆಸ್’ನ ನಡುವೆ ಎಲ್ಲವೂ ನಿಧಾನಗೊಂಡು, ಗಿಟಾರ್ ಒಂದೇ ಸ್ವರವನ್ನು ಹಿಡಿದು ಕೂರುವ ಭಾಗ ಮೊದಲ ಬಾರಿಗೆ ಬಂದಾಗ, ಸೆಲ್ ಇಳಿದಿದೆ ಎಂದುಕೊಂಡು ನಾನು ಟೇಪ್ ರೆಕಾರ್ಡರನ್ನು ನಿಲ್ಲಿಸಿ ಸೆಲ್ಲುಗಳನ್ನು ಅಂಗೈಯಲ್ಲಿ ಉಜ್ಜಿ ಮತ್ತೆ ಹಾಕಿದ್ದೆ.

ಈಗ ಪ್ರಶ್ನೆಗೆ ಬರುತ್ತೇನೆ. ನನ್ನ ಮಗನಿಗೆ ಹದಿನಾರು ವರ್ಷ; ಎರಡು ವರ್ಷಗಳಿಂದ ಡ್ರಮ್ಸ್ ಕಲಿಯುತ್ತಿದ್ದಾನೆ, ಎರಡೂ ಕಾಲಿನಿಂದ ಬಾಸ್ ಡ್ರಮ್ ಬಡಿಯುವ ಡಬಲ್ ಪೆಡಲ್ ಇಲ್ಲದ ಸಂಗೀತ ಅವನ ಲೆಕ್ಕಕ್ಕೇ ಬರುವುದಿಲ್ಲ. ಕಳೆದ ವಾರ ಅವನನ್ನು ಕೂರಿಸಿಕೊಂಡು, ಹಿರಿಯರು ಮಕ್ಕಳಿಗೆ ಮನೆದೇವರನ್ನು ಪರಿಚಯಿಸುವಷ್ಟೇ ಭಕ್ತಿಯಿಂದ, ಯೆಸ್ ತಂಡದ ಆ ದೀರ್ಘ ಕೃತಿಯನ್ನು ಕೇಳಿಸಿದೆ. ಹದಿನೆಂಟು ನಿಮಿಷಗಳ ಕೃತಿಯಲ್ಲಿ ನಾಲ್ಕನೆಯ ನಿಮಿಷಕ್ಕೇ ಅವನು ಹೇಳಿದ ಮಾತು ಇದು: “ಅಪ್ಪ, ಸ್ನೇರ್ ಶಬ್ದ ಸ್ಟೀಲ್ ಪಾತ್ರೆ ಬಡಿದ ಹಾಗಿದೆ.” ನನಗೆ ಕೋಪ ಬಂತು, ಆದರೆ ಮರುದಿನ ಒಬ್ಬನೇ ಕೂತು ಹೆಡ್‌ಫೋನಿನಲ್ಲಿ ಕೇಳಿದಾಗ, ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎನಿಸಿತು. ಅದಕ್ಕಿಂತ ಹೆಚ್ಚಾಗಿ, 1980ರ ದಶಕದಲ್ಲಿ ಅವರು ಎಲೆಕ್ಟ್ರಾನಿಕ್ ಡ್ರಮ್ಸ್ ಹಿಡಿದು ನುಡಿಸಿದ ಕೆಲವು ಹಾಡುಗಳನ್ನು ನನಗೇ ಈಗ ಪೂರ್ತಿ ಕೇಳಲು ಆಗುತ್ತಿಲ್ಲ.

ಹಾಗಾದರೆ ಬ್ರೂಫರ್ಡ್ ಅವರ ಸಂಗೀತಕ್ಕೆ ವಯಸ್ಸಾಗಿದೆಯೇ, ಅಥವಾ ಅದನ್ನು ಹಿಡಿದಿಟ್ಟ ಧ್ವನಿಮುದ್ರಣಕ್ಕೆ ಮಾತ್ರ ವಯಸ್ಸಾಗಿದೆಯೇ? ನಾನು ಇಷ್ಟು ವರ್ಷ ಪ್ರೀತಿಸಿದ್ದು ಅವರ ಲಯವನ್ನೋ, ನನ್ನ ಹಾಸ್ಟೆಲ್ ದಿನಗಳನ್ನೋ ಎಂಬ ಅನುಮಾನವೂ ಇದೆ. ಡ್ರಮ್ಸ್ ನುಡಿಸುವವರು ಮತ್ತು ನಮ್ಮ ಕಡೆಯ ತಾಳವಾದ್ಯ ಬಲ್ಲವರು ಮುಲಾಜಿಲ್ಲದೆ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಆರ್ಕೆಸ್ಟ್ರಾ ಡ್ರಮ್ಮರ್, ಚಿಕ್ಕಮಗಳೂರು

ಸಂತೆಪೇಟೆಯವರೇ, ಇಪ್ಪತ್ತೆರಡು ವರ್ಷಗಳಿಂದ ಮದುವೆ, ಜಾತ್ರೆ ಮತ್ತು ಗಣಪತಿ ಪೆಂಡಾಲುಗಳಲ್ಲಿ ನುಡಿಸಿ ಹೊಟ್ಟೆ ಹೊರೆಯುತ್ತಿರುವವನು ನಾನು. ಆದ್ದರಿಂದ ಮೊದಲು ನಿಮ್ಮ ಮಗನ ಪಾತ್ರೆಯ ವಿಚಾರವನ್ನೇ ತೆಗೆದುಕೊಳ್ಳುತ್ತೇನೆ.

ಬ್ರೂಫರ್ಡ್ ಅವರ ಸ್ನೇರ್, ಅಂದರೆ ಕೆಳಗೆ ತಂತಿ ಕಟ್ಟಿದ ಆ ಚಪ್ಪಟೆ ಡ್ರಮ್, ಹಾಗೆ ಟಣ್ ಎನ್ನುವುದು ಧ್ವನಿಮುದ್ರಣದ ದೋಷವಲ್ಲ, ಅವರು ಬೇಕೆಂದೇ ತೆಗೆದ ನಾದ. ಕೋಲಿನ ತುದಿ ಡ್ರಮ್ಮಿನ ಹೊದಿಕೆಯ ನಡುವೆಯೂ, ಕೋಲಿನ ಮೈ ಲೋಹದ ಬಳೆಯ ಮೇಲೂ ಒಂದೇ ಕ್ಷಣಕ್ಕೆ ಬೀಳಬೇಕು. ಇದನ್ನು ನಾವು ರಿಮ್‌ಶಾಟ್ ಎನ್ನುತ್ತೇವೆ. ಬಳೆಗೆ ಒಂದು ಕೂದಲೆಳೆ ಮೊದಲು ತಗುಲಿದರೆ ಕಟ್ ಎಂದು ಒಣಗಿದ ಶಬ್ದ ಬರುತ್ತದೆ, ಹೊದಿಕೆಗೆ ಮೊದಲು ತಗುಲಿದರೆ ಬರೀ ಮಾಮೂಲಿ ಪೆಟ್ಟಾಗುತ್ತದೆ. ಆ ಮನುಷ್ಯ ಹಾಡಿನುದ್ದಕ್ಕೂ, ಅದೂ ಎಣಿಕೆ ಅಡ್ಡಾದಿಡ್ಡಿ ಓಡುವ ಹಾಡಿನಲ್ಲಿ, ಅದನ್ನು ತಪ್ಪದೆ ಹಾಕುತ್ತಾರೆ. ಎಪ್ಪತ್ತರ ದಶಕದ ಬಹಳಷ್ಟು ಸ್ಟುಡಿಯೋಗಳಲ್ಲಿ ಸ್ನೇರ್ ಮೇಲೆ ಟೇಪ್ ಅಂಟಿಸಿ, ಬಟ್ಟೆ ಹಾಸಿ ಅದರ ಝೇಂಕಾರವನ್ನು ಅಡಗಿಸುವ ಅಭ್ಯಾಸವಿತ್ತು. ಅಂಥ ಸತ್ತ ಸ್ನೇರಿನ ಧ್ವನಿಯೇ ಇಂದು ಕೇಳಿದರೆ ಹಳೆಯ ಸೋಫಾದ ಮೇಲೆ ಹೊಡೆದಂತೆ ಕೇಳಿಸುತ್ತದೆ. ಇವರು ಝೇಂಕಾರವನ್ನು ಉಳಿಸಿಕೊಂಡರು. ಯೆಸ್ ತಂಡದ ಕ್ರಿಸ್ ಸ್ಕ್ವೈರ್ ಅವರ ಬಾಸ್ ಗಿಟಾರ್ ಬೇರೆಯವರ ಬಾಸಿನಂತೆ ಕೆಳಗೆ ಗುಂಯ್‌ಗುಡದೆ, ಮೇಲೆ ಬಂದು ತಂತಿಯ ಗರಗಸದಂತೆ ಕೊಯ್ಯುತ್ತದೆ. ಅದರ ಪಕ್ಕದಲ್ಲಿ ಮೆತ್ತಗಿನ ಸ್ನೇರ್ ಇಟ್ಟಿದ್ದರೆ ಅದು ಇದೆಯೆಂಬುದೇ ಗೊತ್ತಾಗುತ್ತಿರಲಿಲ್ಲ.

ನಿಮ್ಮ ಮಗ ಕೇಳಿ ಬೆಳೆದ ಸಂಗೀತದಲ್ಲಿ ಬಹುಮಟ್ಟಿಗೆ ಪ್ರತಿ ಪೆಟ್ಟಿನ ಕೆಳಗೆ ಮೊದಲೇ ಮುದ್ರಿಸಿಟ್ಟ ಪೆಟ್ಟಿನ ಒಂದು ತುಣುಕು, ಅಂದರೆ ಸ್ಯಾಂಪಲ್, ಕೂತಿರುತ್ತದೆ, ಮತ್ತು ಎಲ್ಲ ಪೆಟ್ಟುಗಳನ್ನೂ ಕಂಪ್ಯೂಟರಿನಲ್ಲಿ ಗೆರೆ ಎಳೆದಂತೆ ಸಾಲಾಗಿ ಜೋಡಿಸಿರುತ್ತಾರೆ. ಅಲ್ಲಿ ನೂರು ಪೆಟ್ಟೂ ಒಂದೇ ಪೆಟ್ಟು. ಅದಕ್ಕೆ ಒಗ್ಗಿದ ಕಿವಿಗೆ ಮನುಷ್ಯನ ಕೈಯಿಂದ ಬಂದ ಏರುಪೇರು ತಪ್ಪಿನಂತೆ ಕೇಳಿಸುವುದು ಸಹಜ. ಸ್ಟೀವನ್ ವಿಲ್ಸನ್ ಎಂಬ ಸಂಗೀತಗಾರ ಮೂಲ ಟೇಪುಗಳಿಂದ ಹೊಸದಾಗಿ ಮಿಕ್ಸ್ ಮಾಡಿದ ‘ಕ್ಲೋಸ್ ಟು ದಿ ಎಡ್ಜ್’ 2013ರಲ್ಲಿ ಬಂದಿದೆ. ಅದನ್ನು ಒಮ್ಮೆ ಕೇಳಿಸಿ ನೋಡಿ; ಪಾತ್ರೆ ಹಾಗೆಯೇ ಇರುತ್ತದೆ, ಆದರೆ ಅದು ಯಾವ ಅಡುಗೆಮನೆಯಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ.

ಎಲೆಕ್ಟ್ರಾನಿಕ್ ವಿಚಾರದಲ್ಲಿ ಮಾತ್ರ ನಾನು ನಿಮ್ಮ ಪಕ್ಷ. ಷಟ್ಕೋನದ ಆ ಸಿಮನ್ಸ್ ಪ್ಯಾಡುಗಳು 1980ರ ದಶಕದ ಆರಂಭದಲ್ಲಿ ಬಂದವು. ಕಿಂಗ್ ಕ್ರಿಮ್ಸನ್ ತಂಡದ 1982ರ ‘ಬೀಟ್’ ಮತ್ತು 1984ರ ‘ತ್ರೀ ಆಫ್ ಎ ಪರ್ಫೆಕ್ಟ್ ಪೇರ್’ನಲ್ಲಿ ಅವು ಧಾರಾಳವಾಗಿ ಕೇಳಿಸುತ್ತವೆ. ಹೊಡೆದ ಕೂಡಲೇ ಡ್ಯೂಂ ಎಂದು ಕೆಳಗೆ ಜಾರುವ ಆ ಶಬ್ದವನ್ನು ನಂತರ ಎಲ್ಲ ದೇಶಗಳ ಎಲ್ಲ ಸಿನಿಮಾ ಹಾಡುಗಳಲ್ಲೂ ಎಷ್ಟು ಸವೆಸಿದರೆಂದರೆ, ಈಗ ಅದು ಯಾರ ಕೈಯಿಂದ ಬಂದರೂ ಒಂದೇ. ನಮ್ಮ ಆರ್ಕೆಸ್ಟ್ರಾಗಳಿಗೆ ಆಕ್ಟೋಪ್ಯಾಡ್ ಬಂದಾಗ ಇದನ್ನೇ ಕಂಡೆ. ಕಡೂರಿನ ಕಡೆಯ ಒಂದು ಕಾರ್ಯಕ್ರಮದಲ್ಲಿ ನಾನು ಹೊಸ ಪ್ಯಾಡ್ ಇಟ್ಟುಕೊಂಡು ಎಂಟು ಚೌಕಗಳಿಗೂ ಎಂಟು ವಿಚಿತ್ರ ಶಬ್ದ ಹಾಕಿಕೊಂಡು ಮೆರೆದಿದ್ದೆ. ಅದರ ರೆಕಾರ್ಡಿಂಗನ್ನು ಈಗ ಯಾರಾದರೂ ಹಾಕಿದರೆ ಎದ್ದು ಹೊರಗೆ ಹೋಗುತ್ತೇನೆ. ಅದೇ ದಿನ ಡೋಲಕ್ ನುಡಿಸಿದ ಹಿರಿಯರ ಕೈ ಮಾತ್ರ ಇಂದಿಗೂ ನಿನ್ನೆ ನುಡಿಸಿದಂತಿದೆ.

ಉತ್ತರ: ಬೇಲೂರು ರಸ್ತೆ

ಚಿಕ್ಕದಾಗಿ ಒಂದು ಮಾತು. ಈ ಪ್ರಶ್ನೆಯನ್ನು ಇನ್ನಿಬ್ಬರು ಹೆಸರಾಂತ ರಾಕ್ ಡ್ರಮ್ಮರ್‌ಗಳಾದ ನೀಲ್ ಪಿಯರ್ಟ್ ಅಥವಾ ಕಾರ್ಲ್ ಪಾಮರ್ ಅವರ ಬಗ್ಗೆ ಕೇಳಿದ್ದರೆ ಉತ್ತರ ಸುಲಭವಾಗಿರುತ್ತಿತ್ತು. ಪಾಮರ್ ಅವರ ಸ್ಟೇನ್‌ಲೆಸ್ ಸ್ಟೀಲಿನ ಡ್ರಮ್ ಸೆಟ್ಟಿನ ವೈಭವ ಆ ಕಾಲದ್ದು, ಅಲ್ಲಿಗೇ ಮುಗಿಯಿತು ಎನ್ನಬಹುದಿತ್ತು. ಪಿಯರ್ಟ್ ಅವರು 1990ರ ದಶಕದಲ್ಲಿ, ಹೆಸರು ಕೀರ್ತಿ ಎಲ್ಲ ಬಂದ ಮೇಲೆ, ಫ್ರೆಡ್ಡಿ ಗ್ರೂಬರ್ ಎಂಬ ಹಿರಿಯ ಗುರುಗಳ ಬಳಿ ಹೋಗಿ ಕೋಲು ಹಿಡಿಯುವುದನ್ನೇ ಮೊದಲಿನಿಂದ ಕಲಿತರು. ತಮ್ಮ ನುಡಿಸಾಣಿಕೆ ಬಿಗಿಯಾಗಿದೆ ಎಂದು ಅವರಿಗೇ ಅನಿಸಿತ್ತು. ಬ್ರೂಫರ್ಡ್ ವಿಷಯದಲ್ಲಿ ಗೊಂದಲ ಬರುವುದು ಅವರು ಒಂದೇ ಕಡೆ ನಿಲ್ಲಲಿಲ್ಲ ಎಂಬುದರಿಂದ. ಯಾವ ಬ್ರೂಫರ್ಡ್‌ಗೆ ವಯಸ್ಸಾಯಿತು ಎಂದು ಮೊದಲು ತೀರ್ಮಾನಿಸಬೇಕು.

ಉತ್ತರ: ಮೃದಂಗದ ವಿದ್ಯಾರ್ಥಿ, ಅರಕಲಗೂಡು

ನಾನು ರಾಕ್ ಸಂಗೀತವನ್ನು ಬಹಳ ತಡವಾಗಿ ಕೇಳಿದವನು. ನಮ್ಮ ತಾಲ್ಲೂಕಿನಲ್ಲಿ ಕಾವೇರಿ ದಡದ ರುದ್ರಪಟ್ಟಣವಿದೆ, ಗಾಯಕ ಆರ್. ಕೆ. ಶ್ರೀಕಂಠನ್ ಅವರು ಹುಟ್ಟಿದ ಊರು, ಆರ್. ಕೆ. ಪದ್ಮನಾಭ ಅವರ ಪ್ರಯತ್ನದಿಂದ ತಂಬೂರಿಯ ಆಕಾರದ ಮಂದಿರ ಎದ್ದುನಿಂತಿರುವ ಊರು. ಅಲ್ಲಿನ ಸಂಗೀತೋತ್ಸವಕ್ಕೆ ಚಿಕ್ಕಂದಿನಿಂದ ಹೋಗಿ ಹೋಗಿ, ತೊಡೆಯ ಮೇಲೆ ತಾಳ ಹಾಕದೆ ಯಾವ ಸಂಗೀತವನ್ನೂ ಕೇಳಲಾರದ ಸ್ಥಿತಿಗೆ ಬಂದಿದ್ದೇನೆ. ಹಾಗಾಗಿ ಬ್ರೂಫರ್ಡ್ ಅವರನ್ನೂ ಹಾಗೆಯೇ ಕೇಳಿದೆ, ಮತ್ತು ಮೊದಲು ನನಗಾದದ್ದು ಸ್ವಲ್ಪ ನಿರಾಸೆ.

ಅದಕ್ಕೆ ಕಾರಣ ಅವರಲ್ಲ, ಅವರ ಅಭಿಮಾನಿಗಳು. “ಇದು ಹದಿಮೂರು, ಇದು ಹದಿನೇಳು, ಎಣಿಸಿ ನೋಡು” ಎಂದು ಗೆಳೆಯರು ಸವಾಲು ಹಾಕಿದಂತೆ ಹೇಳುತ್ತಿದ್ದರು. ಎಣಿಸಿದೆ. ‘ಸ್ಟಾರ್‌ಲೆಸ್’ನ ನಡುವಿನ ಆ ಭಾಗ ಹದಿಮೂರಕ್ಕೆ ತಿರುಗುತ್ತದೆ, ನಮ್ಮ ಮೂವತ್ತೈದು ತಾಳಗಳಲ್ಲಿ ಸಂಕೀರ್ಣ ಜಾತಿ ತ್ರಿಪುಟ ಒಂಬತ್ತು, ಎರಡು, ಎರಡು ಸೇರಿ ಹದಿಮೂರು. ಕಿಂಗ್ ಕ್ರಿಮ್ಸನ್ ತಂಡದ 1981ರ ‘ಡಿಸಿಪ್ಲಿನ್’ ಆಲ್ಬಮ್ಮಿನ ಅದೇ ಹೆಸರಿನ ಕೃತಿಯಲ್ಲಿ ಬರುವ ಹದಿನೇಳಕ್ಕೂ ನಮ್ಮಲ್ಲಿ ಮನೆ ಇದೆ: ಖಂಡ ಜಾತಿ ಧ್ರುವ, ಐದು, ಎರಡು, ಐದು, ಐದು. ಹಾಗೆಂದು ಇವು ಒಂದೇ ಎನ್ನುತ್ತಿಲ್ಲ; ಅಲ್ಲಿ ನಮ್ಮ ತಾಳದ ಅಂಗಗಳಾದ ಲಘು, ದ್ರುತಗಳ ಕಲ್ಪನೆಯಿಲ್ಲ, ಒಳಗಿನ ತುಂಡುಗಳೂ ಬೇರೆ. ನಾನು ಹೇಳುವುದಿಷ್ಟು: ಎಣಿಕೆ ವಿಚಿತ್ರವಾಗಿದೆ ಎಂಬುದೇ ಹಿರಿಮೆಯಾಗಿದ್ದರೆ ಆ ಹಿರಿಮೆಗೆ ಹಾಸನ ಜಿಲ್ಲೆಯ ಒಂದು ಹಳ್ಳಿಯಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಯೆಸ್, ಕಿಂಗ್ ಕ್ರಿಮ್ಸನ್‌ಗಳಂಥವರ ಈ ಪ್ರೊಗ್ರೆಸಿವ್ ರಾಕ್‌ನಲ್ಲಿ ಹಳಸಿರುವುದು ಏನಾದರೂ ಇದ್ದರೆ ಅದು ಈ ಲೆಕ್ಕದ ಜಂಭ. ಕೋರ್ವೆ, ಅಂದರೆ ಮುಕ್ತಾಯದ ಲಯದ ಜೋಡಣೆ, ಎಷ್ಟೇ ಕಠಿಣವಾಗಿರಲಿ, ಅದು ತಾಳದ ಸಮಕ್ಕೆ ಬಂದು ಬೀಳುವಾಗ ಕೇಳುಗನ ಮೈಯಲ್ಲಿ ಏನಾಯಿತು ಎಂಬುದು ಮುಖ್ಯವಲ್ಲವೇ?

ಆದರೆ ‘ಡಿಸಿಪ್ಲಿನ್’ ಎರಡನೆಯ ಬಾರಿ ಕೇಳಿದಾಗ ನನ್ನ ಎಣಿಕೆ ತಪ್ಪಿತು, ಮತ್ತು ಆಗಲೇ ನನಗೆ ಅವರು ಹಿಡಿಸಿದರು. ಕೈಗಳು ಹದಿನೇಳರಲ್ಲಿ ಓಡುತ್ತಿರುವಾಗ ಬಲಗಾಲು ಬಾಸ್ ಡ್ರಮ್ಮಿನ ಮೇಲೆ ಮಗುವಿಗೂ ಗೊತ್ತಾಗುವ ಸರಳ ನಾಲ್ಕನ್ನು ಒತ್ತುತ್ತಲೇ ಇರುತ್ತದೆ. ಹದಿನೇಳೂ ನಾಲ್ಕೂ ಒಟ್ಟಿಗೆ ಕೂಡಿಬರಬೇಕಾದರೆ ಅರವತ್ತೆಂಟು ಮಾತ್ರೆಗಳು ಕಳೆಯಬೇಕು. ಕುಣಿಯಬೇಕೆನ್ನುವವನು ಕಾಲಿನ ಜೊತೆ ಹೋಗಬಹುದು, ಲೆಕ್ಕ ಬೇಕೆನ್ನುವವನು ಕೈಯ ಜೊತೆ ಹೋಗಬಹುದು. ಇಬ್ಬರೂ ಒಂದೇ ಕೋಣೆಯಲ್ಲಿರುತ್ತಾರೆ. ಇದು ಲೆಕ್ಕದ ಪ್ರದರ್ಶನವಲ್ಲ, ಲೆಕ್ಕವನ್ನು ಮರೆಸುವ ಜಾಣ್ಮೆ. ನಮ್ಮ ಗುರುಗಳು ಆದಿತಾಳ ಹಾಕಿಸಿಕೊಂಡು ಅದರ ಮೇಲೆ ಬೇರೆ ನಡೆಯ ಸೊಲ್ಲುಗಳನ್ನು ಹೇಳಿಸುವಾಗ “ಕೈ ನಿನ್ನದಲ್ಲ, ಸಭೆಯದು” ಎನ್ನುತ್ತಾರೆ. ಆ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಇನ್ನೊಂದನ್ನು ಹೇಳಲೇಬೇಕು. ಕಿಂಗ್ ಕ್ರಿಮ್ಸನ್ ತಂಡದ ‘ಟ್ರಯೋ’ ಎಂಬ ಕೃತಿಯನ್ನು ನೀವು ಕೇಳಿರಬಹುದು. 1973ರ ನವೆಂಬರ್‌ನಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಭಾಂಗಣವೊಂದರ ವೇದಿಕೆಯ ಮೇಲೆ, ಮೊದಲೇ ಏನನ್ನೂ ನಿಶ್ಚಯಿಸಿಕೊಳ್ಳದೆ ತಂಡದವರು ನುಡಿಸುತ್ತಿದ್ದಾಗ ಹುಟ್ಟಿದ್ದು ಅದು. ಪಿಟೀಲು, ಮೆಲೊಟ್ರಾನ್ ಎಂಬ ಟೇಪಿನ ಕೀಬೋರ್ಡ್, ಬಾಸ್ ಇವಿಷ್ಟೇ ಮೆಲ್ಲಗೆ ಮಾತಾಡಿಕೊಳ್ಳುತ್ತವೆ. ಬ್ರೂಫರ್ಡ್ ಎರಡೂ ಕೋಲುಗಳನ್ನು ಎದೆಯ ಮೇಲೆ ಅಡ್ಡ ಹಿಡಿದುಕೊಂಡು ಕೊನೆಯವರೆಗೂ ಸುಮ್ಮನೆ ಕೂತರು. ಒಂದೇ ಒಂದು ಪೆಟ್ಟಿಲ್ಲ. ಆಲ್ಬಂ ಹೊರಬಂದಾಗ ತಂಡದ ಉಳಿದವರು ಆ ಕೃತಿಯ ರಚನಕಾರರ ಸಾಲಿನಲ್ಲಿ ಅವರ ಹೆಸರನ್ನೂ ಸೇರಿಸಿದರು, ಏಕೆಂದರೆ ನುಡಿಸದಿರುವ ನಿರ್ಧಾರವೂ ಆ ಕೃತಿಯ ಭಾಗ ಎಂದು ಅವರಿಗೆ ಅನಿಸಿತ್ತು. ಕಛೇರಿಯಲ್ಲಿ ಗಾಯಕರು ವಿಳಂಬದ ಕೀರ್ತನೆಯ ಅನುಪಲ್ಲವಿಯಲ್ಲಿ ಒಂದು ಸ್ವರದ ಮೇಲೆ ನಿಂತಾಗ ಮೃದಂಗದಿಂದ ಕೈ ತೆಗೆದು ಕೂರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಬೆರಳುಗಳು ತಾವಾಗಿಯೇ ಹೋಗುತ್ತವೆ. ಎರಡು ಸಾವಿರ ಜನರ ಮುಂದೆ ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಒಬ್ಬ ರಾಕ್ ಡ್ರಮ್ಮರ್ ಅದನ್ನು ಮಾಡಿದರೆಂದರೆ ನಾನು ಕೈ ಮುಗಿಯುತ್ತೇನೆ. ಈ ಕೃತಿಯಲ್ಲಿ ಹಳತಾಗಲು ಡ್ರಮ್ಸಿನ ಶಬ್ದವೇ ಇಲ್ಲ ಎಂದು ಆರ್ಕೆಸ್ಟ್ರಾದವರು ನಗಬಹುದು.

ನನ್ನ ಲೆಕ್ಕದಲ್ಲಿ, ‘ರೆಡ್’ಗೆ ವಯಸ್ಸಾಗಿಲ್ಲ, ಯೆಸ್ ತಂಡದ ಕಾಲದ ನುಡಿಸಾಣಿಕೆಗೆ ಆಗಿದೆ. ಅಲ್ಲಿ ಎಲ್ಲ ಐವರೂ ಎಲ್ಲ ಹೊತ್ತೂ ತನಿ ಆವರ್ತನ, ಅಂದರೆ ತಾಳವಾದ್ಯದ ಒಂಟಿ ಪ್ರದರ್ಶನ, ನುಡಿಸುತ್ತಿದ್ದಾರೆ.

ಉತ್ತರ: ತೋಟದ ಮನೆ, ಮೂಡಿಗೆರೆ

ಅರಕಲಗೂಡಿನವರ ಕೊನೆಯ ವಾಕ್ಯವನ್ನು ಒಪ್ಪಲು ನನ್ನಿಂದ ಆಗುವುದಿಲ್ಲ. ‘ರೆಡ್’ನ ಗಾಂಭೀರ್ಯ ನಿಜ, ಆದರೆ ಅದರ ಮಂಕು ಇಪ್ಪತ್ತರ ಹರೆಯದ ಮಂಕು, ಐವತ್ತೈದು ದಾಟಿದ ನನಗೆ ಈಗ ಅದು ಸ್ವಲ್ಪ ನಾಟಕೀಯವಾಗಿ ಕೇಳಿಸುತ್ತದೆ. ಕೊಯ್ಲಿನ ದಿನಗಳಲ್ಲಿ ಸಂಜೆ ಕಾಫಿ ಹಣ್ಣಿನ ಅಳತೆ ಮುಗಿಸಿ, ಆಳುಗಳ ಲೆಕ್ಕ ಬರೆದು ಬಂದು ಕೂತಾಗ ನಾನು ಹಾಕಿಕೊಳ್ಳುವುದು ಯೆಸ್ ತಂಡದ 1971ರ ಎರಡು ಆಲ್ಬಮ್ಮುಗಳನ್ನೇ. ಅವುಗಳಲ್ಲಿ ಬ್ರೂಫರ್ಡ್ ಏನು ಮಾಡುತ್ತಾರೆ ಗಮನಿಸಿ. ಅಂದಿನಿಂದ ಇಂದಿನವರೆಗೂ ಪಾಪ್ ಮತ್ತು ರಾಕ್ ಸಂಗೀತದ ನೂರಕ್ಕೆ ತೊಂಬತ್ತು ಹಾಡುಗಳಲ್ಲಿ ಸ್ನೇರ್ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬಂದು ಬೀಳುತ್ತದೆ, ಗೋಡೆ ಗಡಿಯಾರದಂತೆ. ಬ್ರೂಫರ್ಡ್ ಆ ಜಾಗದಲ್ಲಿ ಅದನ್ನು ಇಡುವುದಿಲ್ಲ. ಅರ್ಧ ಎಣಿಕೆ ಹಿಂದೆಯೋ ಮುಂದೆಯೋ, ನಾವು ಕಾಲಿಡಲು ಹೊರಟ ಮೆಟ್ಟಿಲಿಗಿಂತ ಒಂದು ಬೆರಳು ಪಕ್ಕಕ್ಕೆ ಇಡುತ್ತಾರೆ. ಮುಗ್ಗರಿಸುವುದಿಲ್ಲ, ಎಚ್ಚರವಾಗುತ್ತದೆ. ಉಳಿದವರೆಲ್ಲ ಐವತ್ತು ವರ್ಷ ಒಂದೇ ಜಾಗಕ್ಕೆ ಹೊಡೆದು ಆ ಜಾಗವನ್ನು ಸವೆಸಿದ್ದರಿಂದಲೇ ಇವರ ಪೆಟ್ಟು ಬಿದ್ದ ಜಾಗ ಇನ್ನೂ ಹೊಸದಾಗಿ ಉಳಿದಿದೆ. ಇದು ಜಾಸ್‌ನಿಂದ ಬಂದದ್ದು. ಮ್ಯಾಕ್ಸ್ ರೋಚ್, ಜೋ ಮೊರೆಲ್ಲೊ, ಆರ್ಟ್ ಬ್ಲೇಕಿ ಇವರನ್ನು ಕೇಳಿ ಬೆಳೆದವರು ಅವರು. ರಾಕ್ ತಂಡದಲ್ಲಿ ಜಾಸ್ ಕೈಯ ಹುಡುಗ ಕೂತಿದ್ದರಿಂದ ಹುಟ್ಟಿದ ಆ ಜಗ್ಗಾಟವೇ ಯೆಸ್ ತಂಡದ ಜೀವವಾಗಿತ್ತು.

ಅದರಲ್ಲಿ ಹಳಸಿರುವುದು ಸಾಹಿತ್ಯ. ಯೆಸ್ ತಂಡದ ಗಾಯಕ ಜಾನ್ ಆಂಡರ್ಸನ್ ಅವರ ಸಾಲುಗಳು ಆಗಲೂ ಅರ್ಥವಾಗಿರಲಿಲ್ಲ, ಈಗ ಅರ್ಥವಾಗಬೇಕೆಂಬ ಆಸೆಯೂ ಉಳಿದಿಲ್ಲ. ಇಲ್ಲಿ ಒಂದು ತಮಾಷೆ ನೆನಪಾಗುತ್ತದೆ. 1973ರ ಮಾರ್ಚಿನಲ್ಲಿ ಬ್ರೂಫರ್ಡ್ ಅವರ ಮದುವೆಯ ಔತಣದಲ್ಲಿ ಕಿಂಗ್ ಕ್ರಿಮ್ಸನ್‌ನ ತಾಳವಾದ್ಯಗಾರ ಜೇಮಿ ಮ್ಯೂರ್ ಅವರು ಆಂಡರ್ಸನ್‌ಗೆ ಪರಮಹಂಸ ಯೋಗಾನಂದರ ಆತ್ಮಕಥೆಯ ಬಗ್ಗೆ ಹೇಳಿದರು. ಆಂಡರ್ಸನ್ ಅದರ ಒಂದು ಅಡಿಟಿಪ್ಪಣಿಯಲ್ಲಿ ಬರುವ ಶಾಸ್ತ್ರಗಳ ವಿವರವನ್ನು ಹಿಡಿದುಕೊಂಡು, ನಾಲ್ಕು ಬದಿಗೆ ನಾಲ್ಕೇ ಹಾಡುಗಳಿರುವ ಜೋಡಿ ಆಲ್ಬಮ್ಮನ್ನು ಕಟ್ಟಿದರು. ಬ್ರೂಫರ್ಡ್ ಅಷ್ಟರಲ್ಲಿ ಯೆಸ್ ತಂಡ ಬಿಟ್ಟು ಒಂದು ವರ್ಷವಾಗುತ್ತ ಬಂದಿತ್ತು. ತಮ್ಮ ಮದುವೆಯ ಊಟದಲ್ಲಿ ಹುಟ್ಟಿದ ಎಂಬತ್ತು ನಿಮಿಷಗಳಿಂದ ಅವರು ತಪ್ಪಿಸಿಕೊಂಡರು ಎನ್ನಬೇಕು.

ಆ ತಪ್ಪಿಸಿಕೊಳ್ಳುವ ಗುಣವನ್ನು ನಾವು ಗಮನಿಸಬೇಕೆಂದು ನನ್ನ ವಿನಂತಿ. ‘ಕ್ಲೋಸ್ ಟು ದಿ ಎಡ್ಜ್’ ಮುಗಿಯುತ್ತಲೇ, ಹಣ ಹರಿದುಬರಲು ಶುರುವಾಗುವ ಹೊತ್ತಿಗೆ ಸರಿಯಾಗಿ, ಆ ತಂಡ ಬಿಟ್ಟರು. 1974ರಲ್ಲಿ ಕಿಂಗ್ ಕ್ರಿಮ್ಸನ್ ಒಡೆದಾಗ ಜೆನೆಸಿಸ್ ತಂಡದೊಡನೆ 1976ರ ಪ್ರವಾಸಕ್ಕೆ ಹೋದರು, ಅಲ್ಲೂ ನಿಲ್ಲಲಿಲ್ಲ. ಎಲೆಕ್ಟ್ರಾನಿಕ್ ಪ್ಯಾಡುಗಳ ಬಗ್ಗೆ ಚಿಕ್ಕಮಗಳೂರಿನವರು ಹೇಳಿದ್ದು ಸರಿ, ಆದರೆ ಅರ್ಧ ಮಾತ್ರ ಸರಿ. 1987ರಲ್ಲಿ ಬಂದ, ಅವರದೇ ಜಾಸ್ ತಂಡವಾದ ಅರ್ಥ್‌ವರ್ಕ್ಸ್‌ನ ಮೊದಲ ಆಲ್ಬಮ್ಮಿನಿಂದ ಮುಂದಕ್ಕೆ ಅವರು ಆ ಪ್ಯಾಡುಗಳನ್ನು ಡ್ರಮ್ಸಿನ ಬದಲಿಗೆ ಬಳಸಲಿಲ್ಲ, ಅವುಗಳ ಮೇಲೆ ಸ್ವರಗಳನ್ನು ಜೋಡಿಸಿ ಕೋಲಿನಿಂದಲೇ ರಾಗದ ಎಳೆಗಳನ್ನು ನುಡಿಸಿದರು. ಶಬ್ದ ಹಳತು, ಆಲೋಚನೆ ಹಳತಲ್ಲ. ಜಲತರಂಗ ಕೇಳಿದವರಿಗೆ ಇದು ಬೇಗ ಅರ್ಥವಾದೀತು. ಮುಂದೆ ಅದನ್ನೂ ಸಾಕೆನಿಸಿ, ಹೊಸ ಅರ್ಥ್‌ವರ್ಕ್ಸ್ ಕಟ್ಟಿ, 1999ರ ಆಲ್ಬಮ್ಮಿನಲ್ಲಿ ಬರೀ ಮರದ ಡ್ರಮ್ಮುಗಳಿಗೆ ಮತ್ತು ಕಂಚಿನ ತಟ್ಟೆಗಳಿಗೆ ಮರಳಿದರು. 2009ರ ಮೊದಲ ದಿನ ವೇದಿಕೆಯಿಂದ ನಿವೃತ್ತಿ ಘೋಷಿಸಿ, 2016ರಲ್ಲಿ ಸರ್ರೆ ವಿಶ್ವವಿದ್ಯಾಲಯದಿಂದ ಡ್ರಮ್ಮರ್‌ಗಳ ಸೃಜನಶೀಲತೆಯ ಮೇಲೆ ಡಾಕ್ಟರೇಟ್ ಪಡೆದರು. ಇತ್ತೀಚೆಗೆ ಎಪ್ಪತ್ತು ದಾಟಿದ ಮೇಲೆ ಪೀಟ್ ರಾತ್ ಎಂಬ ಗಿಟಾರ್ ವಾದಕರ ಮೂವರ ತಂಡದಲ್ಲಿ ಮತ್ತೆ ಕೋಲು ಹಿಡಿದಿದ್ದಾರೆ, ಸಣ್ಣ ಸಭೆಗಳಲ್ಲಿ.

ಸಂತೆಪೇಟೆಯವರೇ, ನಿಮ್ಮ ಮಗನಿಗೆ ನೇರವಾಗಿ ಹದಿನೆಂಟು ನಿಮಿಷದ ಕೃತಿಯನ್ನು ಕೇಳಿಸಿದ್ದು ಸ್ವಲ್ಪ ಅವಸರವಾಯಿತು. ಮಗುವಿಗೆ ಅನ್ನಪ್ರಾಶನದ ದಿನವೇ ಯಾರೂ ಹೋಳಿಗೆ ಊಟ ಹಾಕುವುದಿಲ್ಲ. ಯೆಸ್ ತಂಡದ ‘ಫ್ರಜೈಲ್’ ಆಲ್ಬಮ್ಮಿನಲ್ಲಿ ಬ್ರೂಫರ್ಡ್ ಸ್ವತಃ ರಚಿಸಿದ, ಅರ್ಧ ನಿಮಿಷಕ್ಕಿಂತ ಸ್ವಲ್ಪವೇ ಹೆಚ್ಚು ಉದ್ದದ ಒಂದು ತುಣುಕಿದೆ. ಅದರಿಂದ ಶುರುಮಾಡಬಹುದಿತ್ತು.

ಉತ್ತರ: ಆರ್ಕೆಸ್ಟ್ರಾ ಡ್ರಮ್ಮರ್, ಚಿಕ್ಕಮಗಳೂರು

ತೋಟದ ಮನೆಯವರು ಜಲತರಂಗದ ಹೋಲಿಕೆ ಕೊಟ್ಟ ಮೇಲೆ ಅರ್ಥ್‌ವರ್ಕ್ಸ್‌ನ ಮೊದಲ ಆಲ್ಬಮ್ಮನ್ನು ರಾತ್ರಿ ಮತ್ತೆ ಕೇಳಿದೆ. ಅರ್ಧ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಉಳಿದರ್ಧ ನನ್ನ ಬಳಿಯೇ ಇರಲಿ. ಪ್ಯಾಡಿನ ಮೇಲೆ ಪೆಟ್ಟಿನ ತೂಕ ಹೇಗಿದ್ದರೂ ನಾದ ಒಂದೇ ಬಣ್ಣದ್ದಾಗಿರುತ್ತಿದ್ದ ಕಾಲವದು, ಅಂಥ ವಾದ್ಯದಲ್ಲಿ ಇಂಥ ಕೈಯನ್ನು ಕೂರಿಸಿದರಲ್ಲ ಎಂಬ ಸಂಕಟ ಮಾತ್ರ ಹೋಗುತ್ತಿಲ್ಲ.

ನಿಮ್ಮ ಮಗನಿಗೆ ನಾನು ಸೂಚಿಸುವುದು ಬೇರೆ. ‘ರೆಡ್’ನಲ್ಲಿ ‘ಒನ್ ಮೋರ್ ರೆಡ್ ನೈಟ್‌ಮೇರ್’ ಎಂಬ ಹಾಡಿದೆ. ಅದರಲ್ಲಿ ಒಂದು ಸಿಂಬಲ್, ಅಂದರೆ ಡ್ರಮ್ ಸೆಟ್ಟಿನ ಲೋಹದ ತಟ್ಟೆ, ಚಪ್ಪಾಳೆಯೊಂದಿಗೆ ಸೇರಿ, ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ ಛಟ್ ಎಂದು ಹುಟ್ಟಿ ತಕ್ಷಣ ಸಾಯುತ್ತದೆ. ಯಾರೋ ಕಸಕ್ಕೆ ಎಸೆದಿದ್ದ, ಅಂಚು ಬಾಗಿಹೋದ ಸಿಂಬಲ್ ಅದು. ಬ್ರೂಫರ್ಡ್ ಎತ್ತಿಕೊಂಡು ಬಂದು ಆಲ್ಬಮ್ಮಿಗೆ ನುಡಿಸಿದರು. ಇಂದು ಕಂಪನಿಗಳು ಸಿಂಬಲ್ಲಿಗೆ ತೂತುಗಳನ್ನು ಕೊರೆದು, ಮೈಯನ್ನು ತಿರುಚಿ, ಅಂಥದೇ ಕಸದ ಶಬ್ದ ಬರುವಂತೆ ಮಾಡಿ ದುಬಾರಿ ಬೆಲೆಗೆ ಮಾರುತ್ತಿವೆ. ನಿಮ್ಮ ಮಗ ಕೇಳುವ ತಂಡಗಳ ಡ್ರಮ್ಮರ್‌ಗಳ ಬಳಿ ಅಂಥದ್ದೊಂದು ಇದ್ದೇ ಇರುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು: ಸಂತೆಪೇಟೆ ಕೇಳುಗ, ಹಾಸನ

ಎಲ್ಲರಿಗೂ ಕೃತಜ್ಞತೆಗಳು. ಭಾನುವಾರ ನನ್ನ ಸೋದರಮಾವ ಮನೆಗೆ ಬಂದಿದ್ದರು. ನಲವತ್ತು ವರ್ಷ ದೇವಸ್ಥಾನದ ಉತ್ಸವಗಳಲ್ಲಿ, ಹರಿಕಥೆಗಳಲ್ಲಿ ಮೃದಂಗ ನುಡಿಸಿದವರು, ಈಗ ಬೆರಳು ಸೆಟೆದುಕೊಂಡು ನಿಲ್ಲಿಸಿದ್ದಾರೆ. ಅರಕಲಗೂಡಿನವರು ಬರೆದದ್ದನ್ನು ಓದಿಯಾಗಿತ್ತಲ್ಲ, ಏನನ್ನೂ ವಿವರಿಸದೆ ‘ಸ್ಟಾರ್‌ಲೆಸ್’ ಹಾಕಿದೆ. ಹಾಡಿನ ಭಾಗ ಮುಗಿಯುವವರೆಗೆ ಅವರು ಎಲೆ ಅಡಿಕೆ ಹಾಕಿಕೊಳ್ಳುವುದರಲ್ಲೇ ಇದ್ದರು. ಬಾಸ್ ಗಿಟಾರ್ ಹದಿಮೂರರ ಸುತ್ತು ಶುರುಮಾಡಿದ ಮೇಲೆ ಅವರ ಎಡಗೈ ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಓಡತೊಡಗಿತು. ಮೂರನೆಯ ಸುತ್ತಿಗೆ ಎಣಿಕೆ ಸಿಕ್ಕಿತು, ತಲೆಯಾಡಿಸಿದರು. ಅಲ್ಲಿ ಬ್ರೂಫರ್ಡ್ ಮೊದಲಿಗೆ ಹೆಚ್ಚೇನೂ ಮಾಡುವುದಿಲ್ಲ. ಮರದ ತುಂಡಿಗೆ ಒಂದು ತಟ್ಟು, ಬಹಳ ಹೊತ್ತಿನ ನಂತರ ಲೋಹದ ಯಾವುದೋ ಒಂದಕ್ಕೆ ಇನ್ನೊಂದು ತಟ್ಟು, ಮತ್ತೆ ಮೌನ. “ಇವನು ಕಾಯ್ತಾನೆ ಕಣೋ,” ಎಂದರು ಮಾವ. ಡ್ರಮ್ಸ್ ಸ್ವಲ್ಪಸ್ವಲ್ಪವಾಗಿ ತುಂಬಿಕೊಂಡು, ಕೊನೆಗೆ ಇಮ್ಮಡಿ ವೇಗಕ್ಕೆ ನೆಗೆದಾಗ ಅವರು ಬಾಯಲ್ಲಿದ್ದ ಎಲೆಯನ್ನು ಅಗಿಯುವುದನ್ನೇ ನಿಲ್ಲಿಸಿ ಸ್ಪೀಕರಿನ ಕಡೆ ನೋಡುತ್ತಿದ್ದರು. ಮುಗಿದ ಮೇಲೆ ಅವರು ಆಡಿದ ಆಕ್ಷೇಪ ಒಂದೇ: ಕೊನೆಗೆ ಅಷ್ಟು ಗಲಾಟೆ ಬೇಕಿರಲಿಲ್ಲವಂತೆ.

ಆ ಮೇಲೆ ‘ಟ್ರಯೋ’ ಹಾಕಿದೆ. ಅದು ಮುಗಿದಾಗ, ಚೆನ್ನಾಗಿದೆ, ಆದರೆ ತಾಳದವನು ಊಟಕ್ಕೆ ಹೋಗಿದ್ದನೇ ಎಂದು ಕೇಳಿದರು. ರಚನಕಾರರ ಪಟ್ಟಿಯಲ್ಲಿ ಅವರ ಹೆಸರೂ ಇದೆ ಎಂದು ತಿಳಿಸಿದಾಗ ಬಹಳ ಹೊತ್ತು ನಕ್ಕು, ಹಾಗಾದರೆ ನಲವತ್ತು ವರ್ಷದ ಸಂಭಾವನೆಯಲ್ಲಿ ನನಗೂ ಸ್ವಲ್ಪ ಬಾಕಿ ಬರಬೇಕು ಎಂದರು.

ಹಾಸ್ಟೆಲ್ ದಿನಗಳ ಮೋಹದ ಬಗೆಗಿನ ನನ್ನ ಅನುಮಾನ ಇದರಿಂದ ಅರ್ಧ ಪರಿಹಾರವಾಗಿದೆ, ಏಕೆಂದರೆ ಮಾವನವರಿಗೆ ಆ ದಿನಗಳೂ ಇಲ್ಲ, ಆ ಕ್ಯಾಸೆಟ್ಟೂ ಇಲ್ಲ. ಯೆಸ್ ತಂಡದ ಬಗ್ಗೆ ತೋಟದ ಮನೆಯವರ ಮತ್ತು ಅರಕಲಗೂಡಿನವರ ನಡುವೆ ನಾನು ಇನ್ನೂ ತೂಗಾಡುತ್ತಿದ್ದೇನೆ. ಬೆಳಿಗ್ಗೆ ಇವರು ಸರಿ ಎನಿಸಿದರೆ ರಾತ್ರಿ ಅವರು. 1984ರ ಆ ಆಲ್ಬಮ್ಮನ್ನು ಮಾತ್ರ ಮತ್ತೆ ಪ್ರಯತ್ನಿಸಿ ಮೂರನೆಯ ಹಾಡಿಗೆ ಸೋತೆ.

ಮಗನ ವಿಷಯ. ಬಾಗಿದ ಸಿಂಬಲ್ಲಿನ ಹಾಡನ್ನು ಅವನು ನಾಲ್ಕು ಸಲ ಕೇಳಿದ. ಸ್ನೇರ್ ಬಗ್ಗೆ ತನ್ನ ಅಭಿಪ್ರಾಯವನ್ನು ಬದಲಿಸಿಲ್ಲ. ಆದರೆ ಅವನ ಕ್ರ್ಯಾಶ್ ಸಿಂಬಲ್ ಒಂದು ಕಳೆದ ತಿಂಗಳು ಅಂಚಿನಲ್ಲಿ ಸೀಳಿತ್ತು, ಗುಜರಿಗೆ ಹಾಕಲು ಜಗಲಿಯಲ್ಲಿ ಇಟ್ಟಿದ್ದೆವು. ಈಗ ಅದು ಮತ್ತೆ ಸ್ಟ್ಯಾಂಡಿನ ಮೇಲಿದೆ. ಸೀಳು ಸುಮಾರು ಎರಡು ಅಂಗುಲವಿದೆ, ಹೊಡೆದಂತೆ ಬೆಳೆಯುತ್ತಿದೆ. ಆರ್ಕೆಸ್ಟ್ರಾದವರು ಏನಾದರೂ ಉಪಾಯ ಹೇಳಬಹುದೇ?

ಉತ್ತರ: ಆರ್ಕೆಸ್ಟ್ರಾ ಡ್ರಮ್ಮರ್, ಚಿಕ್ಕಮಗಳೂರು

ಸೀಳು ಎಲ್ಲಿ ನಿಂತಿದೆಯೋ ಅದರ ತುದಿಯಿಂದ ಸ್ವಲ್ಪ ಒಳಕ್ಕೆ ಸಣ್ಣ ಬಿಟ್ಟಿನಿಂದ ಒಂದು ತೂತು ಕೊರೆಸಿ. ಲೇತ್ ಕೆಲಸದವರು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ. ಲೋಹ ಬಿಸಿಯಾಗದಂತೆ ನಿಧಾನವಾಗಿ ಕೊರೆಯಲು ಹೇಳಿ. ತೂತಿನ ಅಂಚನ್ನೂ ಸೀಳಿನ ಎರಡು ಬದಿಯನ್ನೂ ಅರದಿಂದ ನಯಮಾಡಿದರೆ ಅದು ಮುಂದಕ್ಕೆ ಓಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ಮೊದಲಿನ ಝೇಂಕಾರ ವಾಪಸ್ಸು ಬರುವುದಿಲ್ಲ, ಅದನ್ನು ಅವನಿಗೆ ಮೊದಲೇ ಹೇಳಿಬಿಡಿ.